ಗೆಡ್ಡೆ ತಿಂದವರೆಲ್ಲ ಬೋಲ್ಟ್ ಆಗುವುದಿಲ್ಲ

(ಹಾಸನ ಜಿಲ್ಲೆಯ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರ ಪತ್ರದ ಸಾರ: ಟೋಕಿಯೊ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಟೀನಾ ಕ್ಲೇಟನ್ ಬಗ್ಗೆ ನೀವು ಇಷ್ಟು ಸಂಭ್ರಮಿಸಬೇಕಿರಲಿಲ್ಲ. ಜಮೈಕಾದವರಿಗೆ ವೇಗ ರಕ್ತದಲ್ಲೇ ಇದೆ, ಊಟದಲ್ಲೇ ಇದೆ. ಅದನ್ನು ತೋರಿಸಿ ನಮ್ಮ ಮಕ್ಕಳಲ್ಲಿ ಆಸೆ ಹುಟ್ಟಿಸಬೇಡಿ. ಎರಡನೆಯದಾಗಿ, ಹದಿನೇಳಕ್ಕೇ ವಿಶ್ವಪದಕಕ್ಕೆ ಓಡಿಸಿದರೆ ಮಕ್ಕಳು ಇಪ್ಪತ್ತಕ್ಕೆ ದಣಿದುಹೋಗುವುದಿಲ್ಲವೇ? ನನ್ನ ಹದಿನಾಲ್ಕರ ಮೊಮ್ಮಗಳು ನೂರು, ಇನ್ನೂರು, ನಾನೂರು ಮೀಟರ್ ಮೂರರಲ್ಲೂ ಓಡುತ್ತಿದ್ದಾಳೆ. ತಡೆಯಲೇ?)

ಮಾನ್ಯ ಮೇಷ್ಟರೇ,

ನಿಮ್ಮ ಎರಡನೆಯ ಪ್ರಶ್ನೆಯೇ ಹೆಚ್ಚು ತೂಕದ್ದು. ಆದರೆ ರಕ್ತದ ಮಾತನ್ನು ಹಾರಿಸಿ ಮುಂದೆ ಹೋದರೆ ನೀವು ಬಿಡುವವರಲ್ಲ ಎಂಬುದು ಪತ್ರದ ಧಾಟಿಯಲ್ಲೇ ಗೊತ್ತಾಗುತ್ತದೆ.

2008ರಲ್ಲಿ ಬೀಜಿಂಗ್‌ನಲ್ಲಿ ಉಸೇನ್ ಬೋಲ್ಟ್ ಗೆದ್ದಾಗ ಅವರ ತಂದೆ, ತಮ್ಮ ಟ್ರೆಲಾನಿ ಸೀಮೆಯ ಯಾಮ್ ಗೆಡ್ಡೆಯೇ ಇದಕ್ಕೆಲ್ಲ ಕಾರಣ ಎಂದಿದ್ದರು. ತಂದೆಯ ಊರಭಿಮಾನ, ಪತ್ರಿಕೆಗಳಿಗೆ ಅಷ್ಟೇ ಸಾಕಾಯಿತು. ಜಗತ್ತಿನಲ್ಲಿ ಅತಿ ಹೆಚ್ಚು ಯಾಮ್ ಬೆಳೆಯುವುದು ನೈಜೀರಿಯಾ. ಅಲ್ಲಿನ ಜನಸಂಖ್ಯೆ 20 ಕೋಟಿಗೂ ಹೆಚ್ಚು, ಜಮೈಕಾದ್ದು 30 ಲಕ್ಷದೊಳಗೆ. ಜಮೈಕಾದವರ ಪೂರ್ವಜರಲ್ಲಿ ಬಹುಪಾಲು ಜನ ಗುಲಾಮರಾಗಿ ಹಡಗು ಹತ್ತಿದ್ದೂ ಪಶ್ಚಿಮ ಆಫ್ರಿಕಾದ ಕರಾವಳಿಯಿಂದಲೇ. ಗೆಡ್ಡೆಯೂ ರಕ್ತವೂ ಸಾಕಾಗುವುದಾಗಿದ್ದರೆ ಒಲಿಂಪಿಕ್ಸ್‌ನ ನೂರು ಮೀಟರ್ ಚಿನ್ನ ನೈಜೀರಿಯಾದಲ್ಲಿ ರಾಶಿ ಬಿದ್ದಿರಬೇಕಿತ್ತು. ಇನ್ನೂ ಒಂದೂ ಬಂದಿಲ್ಲ.

ಜಮೈಕಾದಲ್ಲಿ ಇರುವುದು ಶಾಲೆಯ ಕ್ರೀಡಾಕೂಟ. ‘ಚಾಂಪ್ಸ್’ ಎಂದು ಜನ ಕರೆಯುವ ಆ ಕೂಟ 1910ರಲ್ಲಿ ಆರು ಶಾಲೆಗಳ ಹುಡುಗರಿಂದ ಶುರುವಾಯಿತು, ನಮ್ಮ ಕ್ರಿಕೆಟ್ ಪ್ರಿಯರಿಗೆ ಪರಿಚಿತವಾದ ಸಬೀನಾ ಪಾರ್ಕ್‌ನಲ್ಲಿ. ಹುಡುಗಿಯರ ಕೂಟ 1957ರಲ್ಲಿ ಬಂತು. 1999ರಿಂದ ಎರಡೂ ಒಟ್ಟಿಗೆ ನಡೆಯುತ್ತಿವೆ. ಕಿಂಗ್‌ಸ್ಟನ್‌ನ ರಾಷ್ಟ್ರೀಯ ಕ್ರೀಡಾಂಗಣ ಕೊನೆಯ ದಿನ ತುಂಬಿ ತುಳುಕುತ್ತದೆ. ಹಳೆಯ ವಿದ್ಯಾರ್ಥಿಗಳು ಶಾಲೆಯ ಬಣ್ಣ ತೊಟ್ಟು ಬರುತ್ತಾರೆ, ದೂರದರ್ಶನದಲ್ಲಿ ನೇರಪ್ರಸಾರವಿರುತ್ತದೆ. (ನಮ್ಮ ತಾಲ್ಲೂಕು ಕೂಟಗಳಲ್ಲಿ ಗಣ್ಯರ ಭಾಷಣ ಮುಗಿಯುವ ಹೊತ್ತಿಗೆ ಸುಣ್ಣದ ಗೆರೆಯೇ ಅಳಿಸಿಹೋಗಿರುತ್ತದೆ. ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.)

ನಿಮ್ಮ ವೃತ್ತಿಯವರಿಗೆ ಹಿಡಿಸಬಹುದಾದ ಇನ್ನೊಂದು ಕಥೆಯಿದೆ. ಜಿ.ಸಿ. ಫಾಸ್ಟರ್ ಎಂಬ ಓಟಗಾರ 1908ರ ಒಲಿಂಪಿಕ್ಸ್‌ಗೆಂದು ಬಾಳೆಹಣ್ಣು ಸಾಗಿಸುವ ಹಡಗಿನಲ್ಲಿ ಲಂಡನ್ ತಲುಪಿದರು. ಜಮೈಕಾ ದೇಶ ಇನ್ನೂ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯತ್ವ ಪಡೆದಿರಲಿಲ್ಲವಾದ್ದರಿಂದ ಅವರಿಗೆ ಓಡಲು ಬಿಡಲಿಲ್ಲ. ಮುಂದೆ ಅವರು ಹೆಸರಾಂತ ಕೋಚ್ ಆದರು. 1980ರಲ್ಲಿ ಸ್ಪ್ಯಾನಿಷ್ ಟೌನ್ ಬಳಿ ಅವರ ಹೆಸರಿನಲ್ಲೇ ದೈಹಿಕ ಶಿಕ್ಷಣ ಕಾಲೇಜು ತೆರೆಯಿತು. ಅದನ್ನು ಕಟ್ಟಿಸಿಕೊಟ್ಟದ್ದು ಕ್ಯೂಬಾ ಸರ್ಕಾರ. ಅಲ್ಲಿ ಕಲಿತವರು ದ್ವೀಪದ ಮೂಲೆಮೂಲೆಯ ಶಾಲೆಗಳಿಗೆ ಹೋಗಿ ಮೇಷ್ಟರಾದರು. ವೇಗದ ಗುಟ್ಟು ಹುಡುಕುವವರು ಗೆಡ್ಡೆಗಿಂತ ಮೊದಲು ಈ ಕಾಲೇಜಿನ ಹಾಜರಿ ಪುಸ್ತಕ ತೆರೆಯಬೇಕು ಎಂಬುದು ನನ್ನ ವಾದ.

ಟೀನಾ ಬಂದದ್ದೂ ಹೀಗೆಯೇ, ರಾಜಧಾನಿಯಿಂದ ದೂರ, ಕ್ಲಾರೆಂಡನ್‌ನ ಗುಡ್ಡಗಳ ನಡುವಿನ ಎಡ್ವಿನ್ ಅಲೆನ್ ಶಾಲೆಯಿಂದ. ಅವಳಿ ಸಹೋದರಿ ಟಿಯಾ ಕೂಡ ಅದೇ ಶಾಲೆಯವರು. 2021ರಲ್ಲಿ ನೈರೋಬಿಯ 20 ವರ್ಷದೊಳಗಿನವರ ವಿಶ್ವಕೂಟದಲ್ಲಿ ಟೀನಾ ನೂರು ಮೀಟರನ್ನು 11.09 ಸೆಕೆಂಡಿನಲ್ಲಿ ಗೆದ್ದಾಗ ಆಕೆಗೆ ಹದಿನೇಳು. ಮರುವರ್ಷ ಕೊಲಂಬಿಯಾದ ಕಾಲಿಯಲ್ಲಿ 10.95. ಎರಡೂ ಕಡೆ ಅವಳಿಗಳಿದ್ದ ರಿಲೇ ತಂಡ ಕಿರಿಯರ ವಿಶ್ವದಾಖಲೆ ಬರೆಯಿತು. ಅದೇ ನೈರೋಬಿಯಲ್ಲಿ ನಮ್ಮ ಕರ್ನಾಟಕದ ಪ್ರಿಯಾ ಮೋಹನ್ ನಾನೂರು ಮೀಟರ್‌ನಲ್ಲಿ ನಾಲ್ಕನೆಯವರಾದರು. ಮಿಶ್ರ ರಿಲೇಯಲ್ಲಿ ಅಲ್ಲಿ ಕಂಚು, ಕಾಲಿಯಲ್ಲಿ ಬೆಳ್ಳಿ ತಂದ ತಂಡದಲ್ಲೂ ಇದ್ದರು. ಆಸೆ ಹುಟ್ಟಿಸಬೇಡಿ ಎನ್ನುತ್ತೀರಿ. ಇದು ಆಗಿಹೋದ ಸಂಗತಿ.

ಈಗ ದಣಿವಿನ ಪ್ರಶ್ನೆ. ನಿಮ್ಮ ಭಯ ಸುಳ್ಳಲ್ಲ. ಚಾಂಪ್ಸ್‌ನಲ್ಲಿ ಮಕ್ಕಳನ್ನು ಹಿಂಡಿ ಹಿಪ್ಪೆ ಮಾಡುತ್ತಾರೆಂಬ ಆರೋಪ ಜಮೈಕಾದಲ್ಲೇ ಹಳೆಯದು. ಡೆಕ್ಸ್‌ಟರ್ ಲೀ 2008, 2010 ಎರಡರಲ್ಲೂ ಕಿರಿಯರ ನೂರು ಮೀಟರ್ ವಿಶ್ವ ಚಾಂಪಿಯನ್ ಆದವರು. ಹಿರಿಯರ ವಿಶ್ವಕೂಟದಲ್ಲಿ ವೈಯಕ್ತಿಕ ಪದಕ ಅವರಿಗೆ ಒಲಿಯಲೇ ಇಲ್ಲ. ಶಾಲೆಯಲ್ಲಿ ಯಾರೂ ಗುರುತಿಸದಿದ್ದ ಅಸಾಫಾ ಪೊವೆಲ್ ನೂರು ಮೀಟರ್ ವಿಶ್ವದಾಖಲೆ ಬರೆದರು. ಬೋಲ್ಟ್ ಅವರನ್ನೇ ನೋಡಿ. 2002ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಹದಿನೈದನೆಯ ವಯಸ್ಸಿಗೇ ಇನ್ನೂರು ಮೀಟರ್‌ನ ಕಿರಿಯರ ವಿಶ್ವ ಚಾಂಪಿಯನ್. 2004ರ ಏಪ್ರಿಲ್‌ನಲ್ಲಿ ಬರ್ಮುಡಾದಲ್ಲಿ 19.93 ಸೆಕೆಂಡು, 20 ಸೆಕೆಂಡಿನೊಳಗೆ ಓಡಿದ ಮೊದಲ ಕಿರಿಯ. ಅದೇ ಆಗಸ್ಟ್‌ನಲ್ಲಿ ಅಥೆನ್ಸ್ ಒಲಿಂಪಿಕ್ಸ್‌ಗೆ ತೊಡೆಯ ಸ್ನಾಯುವಿನ ನೋವು ಹೊತ್ತು ಹೋಗಿ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಆಮೇಲೆ ಕೋಚ್ ಗ್ಲೆನ್ ಮಿಲ್ಸ್ ಕೈಗೆ ಸಿಕ್ಕ ಅವರು ಒಲಿಂಪಿಕ್ ಚಿನ್ನ ಮುಟ್ಟಲು ಮತ್ತೆ ನಾಲ್ಕು ವರ್ಷ ಹಿಡಿಯಿತು.

ಟೀನಾ ಕೂಡ ಇಂಥ ಬರಗಾಲ ದಾಟಿಯೇ ಬಂದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ನೂರು ಮೀಟರ್ ಫೈನಲ್‌ನಲ್ಲಿ ಓಡಿ ಏಳನೆಯವರಾದದ್ದು ಟಿಯಾ. ಕಿರಿಯರಲ್ಲಿ ಎರಡು ಸಲ ಗೆದ್ದಿದ್ದ ಟೀನಾ ಅಲ್ಲಿರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊದಲ್ಲಿ 10.76 ಸೆಕೆಂಡಿನ ಬೆಳ್ಳಿ ಬಂದಾಗ ಆಕೆಗೆ ಇಪ್ಪತ್ತೊಂದು. ಜಮೈಕಾದ ಹಿರಿಯ ಓಟಗಾರ್ತಿ, ಮೂವತ್ತೆಂಟರ ಶೆಲ್ಲಿ-ಆನ್ ಫ್ರೇಸರ್-ಪ್ರೈಸ್ ಅದೇ ಫೈನಲ್‌ನಲ್ಲಿ ಆರನೆಯವರು. ಕೆಲವು ದಿನಗಳ ಬಳಿಕ ರಿಲೇಯಲ್ಲಿ ಫ್ರೇಸರ್-ಪ್ರೈಸ್ ಮತ್ತು ಅವಳಿಗಳು ಒಂದೇ ತಂಡದಲ್ಲಿ ಓಡಿ ಬೆಳ್ಳಿ ತಂದರು. ಕಾಲಿಯಿಂದ ಟೋಕಿಯೊವರೆಗಿನ ಆ ಮೂರು ವರ್ಷಗಳ ಬಗ್ಗೆ ಯಾರೂ ಶೀರ್ಷಿಕೆ ಬರೆಯುವುದಿಲ್ಲ, ನಮ್ಮ ಪತ್ರಿಕೆಯೂ ಸೇರಿದಂತೆ.

ಮೊಮ್ಮಗಳನ್ನು ತಡೆಯಬೇಡಿ, ಆದರೆ ಒಂದೇ ದಿನ ಮೂರು ಓಟಗಳಿಗೆ ಹೆಸರು ಕೊಟ್ಟಿದ್ದರೆ ಒಂದನ್ನು ಬಿಡಿಸಿ. ತೊಡೆಯ ಹಿಂಭಾಗ ಹಿಡಿದುಕೊಂಡಿದೆ ಎಂದು ಅವಳು ಹೇಳಿದ ದಿನ, ಶಾಲೆಗೆ ಬರುವ ಶೀಲ್ಡ್ ಎಷ್ಟೇ ದೊಡ್ಡದಾಗಿದ್ದರೂ, ಓಡಿಸಬೇಡಿ. ಎಷ್ಟು ಓಡಿದಳು, ಯಾವಾಗ ನೋವೆಂದಳು, ಎಷ್ಟು ನಿದ್ದೆ ಮಾಡಿದಳು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೂರೋ ನಾನೂರೋ ಎಂಬ ತೀರ್ಮಾನ ಹದಿನೇಳಕ್ಕೆ ಆದರೂ ತಡವಲ್ಲ. ಬೋಲ್ಟ್ ನೂರು ಮೀಟರನ್ನು ಗಂಭೀರವಾಗಿ ಹಿಡಿದದ್ದು ಇಪ್ಪತ್ತು ದಾಟಿದ ಮೇಲೆ.

– ಸಂಪಾದಕ