ಸಹಿ ಹಾಕುವ ಮೊದಲು ಆಡಬೇಕಾದ ಮಾತು

ಪ್ರಶ್ನೆ: ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಲ್ಲಿರುವ ನಮ್ಮ ಕಟ್ಟಡಕ್ಕೆ ಮೂವತ್ತು ವರ್ಷ ದಾಟಿದೆ. ಮಹಿಳೆಯರಿಗೆ ಮೀಸಲಾದ ಸ್ಥಾನಕ್ಕೆ ಬೇರೆ ಯಾರೂ ಮುಂದೆ ಬಾರದ ಕಾರಣ ನನ್ನನ್ನು ಹೌಸಿಂಗ್ ಸೊಸೈಟಿಯ ಸಮಿತಿಗೆ ಆರಿಸಿದರು. ಈಗ ಟೆರೇಸು ಮತ್ತು ಹೊರಗೋಡೆಗಳ ದೊಡ್ಡ ದುರಸ್ತಿಯನ್ನು ಟೆಂಡರ್ ಕರೆಯದೆ ತಮಗೆ ಪರಿಚಿತರಾದ ಗುತ್ತಿಗೆದಾರರೊಬ್ಬರಿಗೆ ಒಪ್ಪಿಸಲು ಅಧ್ಯಕ್ಷರು ಸಿದ್ಧರಾಗಿದ್ದಾರೆ. ಅಧ್ಯಕ್ಷರು ನಮ್ಮ ಊರಿನ ಕಡೆಯವರು, ನಾವು ಮನೆ ಕೊಳ್ಳುವಾಗ ಬಹಳ ನೆರವಾದವರು. ಸಭೆ ಮರಾಠಿಯಲ್ಲಿ ನಡೆಯುತ್ತದೆ. ನನ್ನದು ತರಕಾರಿ ಕೊಳ್ಳುವಷ್ಟರ ಮರಾಠಿ. ‘ಎಲ್ಲರೂ ಸಹಿ ಹಾಕುವಾಗ ನಿನಗೊಬ್ಬಳಿಗೆ ಏಕೆ ಊರ ಉಸಾಬರಿ’ ಎಂದು ಮನೆಯವರು ಹೇಳುತ್ತಾರೆ. ಮಾತಾಡಲೇ, ಸುಮ್ಮನಿರಲೇ?

ಉತ್ತರ: ಮಾತಾಡಿ, ಅದೂ ಸಹಿ ಹಾಕುವ ಮೊದಲೇ ಮಾತಾಡಿ. ನೀವು ಸಮಿತಿಯ ಹೊರಗಿನ ಸದಸ್ಯೆಯಾಗಿದ್ದರೆ ನಾನು ಇಷ್ಟು ಖಚಿತವಾಗಿ ಹೇಳುತ್ತಿರಲಿಲ್ಲ. ಆದರೆ ಮಹಾರಾಷ್ಟ್ರ ಸಹಕಾರಿ ಸಂಘಗಳ 1960ರ ಕಾಯ್ದೆಯ ಪ್ರಕಾರ ಸಮಿತಿ ಕೈಗೊಂಡ ತೀರ್ಮಾನಗಳಿಗೆ ಅದರ ಸದಸ್ಯರು ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಹೊಣೆಗಾರರು. ನಾಳೆ ಲೆಕ್ಕಪರಿಶೋಧಕರು ಈ ಖರ್ಚನ್ನು ಪ್ರಶ್ನಿಸಿದರೆ ‘ನಾನು ಸುಮ್ಮನೆ ಕುಳಿತಿದ್ದೆ’ ಎಂಬ ಮಾತು ನಿಮ್ಮನ್ನು ಕಾಯುವುದಿಲ್ಲ, ಏಕೆಂದರೆ ಅಂಥ ಕಡೆ ಮೌನವನ್ನು ಸಮ್ಮತಿಯೆಂದೇ ಎಣಿಸುತ್ತಾರೆ. ನೀವು ನನ್ನನ್ನು ಕೇಳಿದ್ದು ಮಾತಾಡುವುದರ ಬೆಲೆಯನ್ನು. ಸುಮ್ಮನಿರುವುದಕ್ಕೂ ಒಂದು ಬೆಲೆಯಿದೆ, ಮತ್ತು ಅದನ್ನು ನಿಮ್ಮ ಜೊತೆ ಆ ಕಟ್ಟಡದ ಎಲ್ಲ ಮನೆಗಳವರೂ ತೆರಬೇಕಾಗುತ್ತದೆ.

ಯಾವ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಬೇಕು ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ. ಅಧ್ಯಕ್ಷರು ಪ್ರಾಮಾಣಿಕರೋ ಅಲ್ಲವೋ ಎಂಬ ಚರ್ಚೆಗೆ ಹೋಗಬೇಡಿ. ನಿಮ್ಮ ಬಳಿ ಪುರಾವೆಯಿಲ್ಲ, ಬಹುಶಃ ಅಲ್ಲಿ ತಪ್ಪೂ ಇಲ್ಲ. ಕೊಂಕಣ ಪಟ್ಟಿಯ ಮಳೆಗಾಲ ಜೂನ್‌ನಲ್ಲಿ ಬಂದು ಸೇರುವುದರೊಳಗೆ ಪರಾಂಚಿ, ಅಂದರೆ ಕೆಲಸಗಾರರು ನಿಲ್ಲುವ ಅಟ್ಟಣೆ, ಕಟ್ಟಿ ಗಿಲಾವು ಮುಗಿಸಬೇಕೆಂಬ ಅವಸರ ಅವರನ್ನು ನಿಜವಾಗಿಯೂ ಕಾಡುತ್ತಿರಬಹುದು. ನೀವು ಹಿಡಿಯಬೇಕಾದದ್ದು ಕ್ರಮವನ್ನು. ಸಹಕಾರಿ ಇಲಾಖೆಯ ಮಾದರಿ ಉಪವಿಧಿಗಳಲ್ಲಿ ಸಮಿತಿಯು ತಾನಾಗಿಯೇ ದುರಸ್ತಿಗೆ ವೆಚ್ಚ ಮಾಡಬಹುದಾದ ಮೊತ್ತಕ್ಕೆ ಮಿತಿಯಿದೆ. ಅದನ್ನು ಮೀರಿದ ಕೆಲಸಕ್ಕೆ ಸದಸ್ಯರ ಸಾಮಾನ್ಯ ಸಭೆಯ ಒಪ್ಪಿಗೆ ಬೇಕು. ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಪ್ರತಿ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಗಟ್ಟಿತನದ ತಪಾಸಣೆ, ನಡೆಯಬೇಕೆಂದೂ ಅವೇ ಉಪವಿಧಿಗಳು ಹೇಳುತ್ತವೆ. ನಿಮ್ಮ ಪತ್ರದಲ್ಲಿ ಆಡಿಟ್‌ನ ಪ್ರಸ್ತಾಪವೇ ಇಲ್ಲದಿರುವುದು ಟೆಂಡರಿನ ವಿಷಯಕ್ಕಿಂತಲೂ ನನ್ನನ್ನು ಹೆಚ್ಚು ಕಳವಳಗೊಳಿಸಿತು. ಕಂಬ, ತೊಲೆಗಳ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದೆಯೋ ಎಂದು ನೋಡದೆ ಹೊರಗಿನಿಂದ ಸಿಮೆಂಟು ಬಳಿದು ಬಣ್ಣ ಹಚ್ಚಿದರೆ ಹಣ ಹೋಗುವುದಷ್ಟೇ ಅಲ್ಲ, ಜೀವಕ್ಕೇ ಅಪಾಯ. ಆದ್ದರಿಂದ ‘ಕೊನೆಯ ಆಡಿಟ್ ವರದಿ ಯಾವ ವರ್ಷದ್ದು, ಅದರಲ್ಲಿ ಯಾವ ಕೆಲಸಗಳನ್ನು ಸೂಚಿಸಿದ್ದಾರೆ, ಎಷ್ಟು ಗುತ್ತಿಗೆದಾರರಿಂದ ದರ ಕೇಳಿದ್ದೇವೆ, ಸಾಮಾನ್ಯ ಸಭೆ ಯಾವಾಗ’ ಎಂಬ ಪ್ರಶ್ನೆಗಳನ್ನು ಕೇಳಿ. ತೃಪ್ತಿಕರವಾದ ಉತ್ತರ ದೊರೆತರೆ ಸಂತೋಷದಿಂದ ಒಪ್ಪಿಕೊಳ್ಳಿ, ಅದರಲ್ಲಿ ಸೋಲೇನೂ ಇಲ್ಲ. ದೊರೆಯದಿದ್ದರೆ ಎಷ್ಟು ಜನ ಮುಖ ಸಿಂಡರಿಸಿದರೂ ಸಹಿ ಹಾಕಬೇಡಿ.

ಉಪಕಾರದ ವಿಷಯ ಸೂಕ್ಷ್ಮವಾದದ್ದು. ಮುಂಬಯಿಗೆ ಬಂದು ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ನಮ್ಮ ಹಿರಿಯರ ಪೀಳಿಗೆ ಉಳಿದದ್ದೇ ಊರಿನವರ ಆಸರೆಯಿಂದ. ಆ ಋಣವನ್ನು ಹಗುರವಾಗಿ ಕಾಣುವವರ ಸಾಲಿಗೆ ನಾನು ಸೇರಿಲ್ಲ. ಆದರೆ ನಿಮ್ಮ ಮೇಲಿನ ಉಪಕಾರವನ್ನು ನೀವು ನಿಮ್ಮ ಸ್ವಂತದ್ದರಿಂದ ತೀರಿಸಬೇಕೇ ಹೊರತು ಎಲ್ಲರೂ ಕೂಡಿಟ್ಟ ದುರಸ್ತಿ ನಿಧಿಯಿಂದಲ್ಲ. ಸಭೆಗೆ ಮುಂಚೆ ಒಂದು ಸಂಜೆ ಅಧ್ಯಕ್ಷರ ಮನೆಗೆ ಹೋಗಿ, ನೀವು ಎತ್ತಲಿರುವ ಪ್ರಶ್ನೆಗಳನ್ನು ಅವರಿಗೇ ಮೊದಲು ತಿಳಿಸಿ. ಹತ್ತು ಜನರ ಎದುರು ಅನಿರೀಕ್ಷಿತವಾಗಿ ಕೇಳಿದ ಪ್ರಶ್ನೆ ಆರೋಪದಂತೆ ಕಾಣುತ್ತದೆ. ಮನೆಯಲ್ಲಿ ಚಹಾ ಕುಡಿಯುತ್ತ ಕನ್ನಡದಲ್ಲಿ ಕೇಳಿದ ಅದೇ ಪ್ರಶ್ನೆಗೆ ಅವರು ತಮ್ಮ ನಿಲುವನ್ನು ಬದಲಿಸಲು ಅವಕಾಶ ಉಳಿದಿರುತ್ತದೆ.

ಭಾಷೆಯ ಅಳುಕು ನಿಮ್ಮನ್ನು ತಡೆಯದಿರಲಿ. ಹೇಳಬೇಕಾದದ್ದನ್ನು ಮಕ್ಕಳ ಸಹಾಯದಿಂದ ಸರಳ ಮರಾಠಿಯಲ್ಲಿ ಐದಾರು ಸಾಲು ಬರೆದುಕೊಂಡು ಓದಿ. ಕಷ್ಟವೆನಿಸಿದರೆ ಹಿಂದಿಯಲ್ಲಿ ಹೇಳಿ. ಓದಿದ ಕಾಗದವನ್ನೇ ಕಾರ್ಯದರ್ಶಿಗೆ ಕೊಟ್ಟು, ಅದರ ನಕಲಿನ ಮೇಲೆ ‘ಪೋಚ್’ ಬರೆಸಿಕೊಳ್ಳಿ, ಅಂದರೆ ತಲುಪಿದ್ದಕ್ಕೆ ಸಹಿ ಮತ್ತು ತಾರೀಖು. ಸಭೆಯ ನಡಾವಳಿಯಲ್ಲಿ ನಿಮ್ಮ ಭಿನ್ನಮತ ದಾಖಲಾಗಿದೆಯೇ ಎಂದು ತಪ್ಪದೆ ನೋಡಿ, ಇಲ್ಲದಿದ್ದರೆ ಲಿಖಿತವಾಗಿ ಆಕ್ಷೇಪಿಸಿ. ಮೊದಲ ಸಭೆಯಲ್ಲಿ ಯಾರೂ ನಿಮ್ಮ ಜೊತೆ ನಿಲ್ಲದಿದ್ದರೂ ಎದೆಗುಂದಬೇಡಿ. ಸಭೆ ಮುಗಿದ ಮೇಲೆ ಲಿಫ್ಟಿನ ಬಳಿ ‘ನಮಗೂ ಅದೇ ಅನುಮಾನವಿತ್ತು’ ಎನ್ನುವವರು ಸಿಕ್ಕೇ ಸಿಗುತ್ತಾರೆ, ಮುಂದಿನ ಸಭೆಯಲ್ಲಿ ಬಾಯಿಬಿಟ್ಟು ಹೇಳಿ ಎಂದು ಅವರನ್ನು ಕೇಳಿಕೊಳ್ಳಿ. ನಿಮ್ಮ ಯಜಮಾನರಿಗೆ ನಿಮ್ಮ ಬಗೆಗಿರುವ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಕಾಗದದ ಮೇಲೆ ಬೀಳುವ ಸಹಿ ನಿಮ್ಮದು.

ಪ್ರಶ್ನೆ: ನಾನು ನೆರೂಲಿನ ನಿವೃತ್ತ ಬ್ಯಾಂಕ್ ನೌಕರ. ಗಣೇಶೋತ್ಸವದ ಧ್ವನಿವರ್ಧಕ, ವಾಚ್‌ಮನ್ ಕುರ್ಚಿ, ದೀಪಾಲಂಕಾರದ ಖರ್ಚು ಹೀಗೆ ಎಲ್ಲದಕ್ಕೂ ಸೊಸೈಟಿಯಲ್ಲಿ ಆಕ್ಷೇಪ ಎತ್ತುವವನು ನಾನೊಬ್ಬನೇ. ಈಗ ಮನೆ ಬಾಡಿಗೆಗೆ ಕೊಟ್ಟವರಿಂದ ಸೇವಾಶುಲ್ಕದ (ಸೊಸೈಟಿಯ ಸೇವೆಗಳಿಗೆಂದು ಕಟ್ಟುವ ಹಣದ) 30 ಪ್ರತಿಶತವನ್ನು ಹೆಚ್ಚುವರಿಯಾಗಿ ವಸೂಲು ಮಾಡುವ ಠರಾವು ತಂದಿದ್ದಾರೆ. ನನ್ನ ಎರಡನೆಯ ಫ್ಲಾಟ್ ಬಾಡಿಗೆಗಿದೆ. ನಾನು ಎದ್ದು ನಿಂತರೆ ಸಾಕು, ಎಲ್ಲರೂ ಬೇಸರದಿಂದ ಮುಖ ತಿರುಗಿಸುತ್ತಾರೆ.

ಉತ್ತರ: ಕುರ್ಚಿ, ದೀಪಗಳನ್ನು ಇನ್ನು ಬಿಟ್ಟುಬಿಡಿ. ಅವು ಬಹುಮತದ ಅಭಿರುಚಿಗೆ ಸೇರಿದವು. ಅಲ್ಲೆಲ್ಲ ಪಟ್ಟು ಹಿಡಿದದ್ದರಿಂದಲೇ ನ್ಯಾಯವಾದ ಮಾತಿಗೂ ಇಂದು ಕಿವಿಗಳಿಲ್ಲದಂತಾಗಿದೆ. ಧ್ವನಿವರ್ಧಕವನ್ನು ಮಾತ್ರ ಆ ಸಾಲಿಗೆ ಸೇರಿಸಲಾರೆ. ಕಾಯಿಲೆಯವರಿಗೆ, ಹಸುಳೆಗಳಿಗೆ ತೊಂದರೆಯಾದರೆ ಹೇಳುವುದು ಸರಿಯೇ.

ಬಾಡಿಗೆ ಶುಲ್ಕದ ವಿಷಯದಲ್ಲಿ ನಿಮ್ಮ ನೆಲ ಭದ್ರವಾಗಿದೆ. ಮಹಾರಾಷ್ಟ್ರ ಸರ್ಕಾರದ 2001ರ ಆಗಸ್ಟ್ 1ರ ಆದೇಶದಂತೆ ಈ ಶುಲ್ಕ ಸೇವಾಶುಲ್ಕದ 10 ಪ್ರತಿಶತವನ್ನು ಮೀರುವಂತಿಲ್ಲ, ಸೇವಾಶುಲ್ಕದ ಲೆಕ್ಕದಲ್ಲಿ ನಗರಪಾಲಿಕೆಯ ತೆರಿಗೆಯನ್ನು ಸೇರಿಸುವಂತಿಲ್ಲ. ಬಾಂಬೆ ಹೈಕೋರ್ಟ್ 2007ರಲ್ಲಿ ಈ ಆದೇಶವನ್ನು ಎತ್ತಿಹಿಡಿದಿದೆ, ಹೀಗಾಗಿ ಎಷ್ಟೇ ದೊಡ್ಡ ಬಹುಮತದ ಠರಾವೂ ಇದನ್ನು ದಾಟಲಾರದು. ಇದರಲ್ಲಿ ನಿಮ್ಮ ಸ್ವಂತ ಲಾಭವಿದೆ ಎಂಬುದನ್ನು ಬೇರೆಯವರು ಎತ್ತಿ ತೋರಿಸುವ ಮೊದಲು ನೀವೇ ಸಭೆಯಲ್ಲಿ ಹೇಳಿಬಿಡಿ. ಈ ಬಾರಿ ಭಾಷಣ ಬೇಡ. ಆದೇಶದ ಪ್ರತಿಯನ್ನು ಲಗತ್ತಿಸಿ ಸಮಿತಿಗೆ ಒಂದು ಪುಟದ ಪತ್ರ ಬರೆಯಿರಿ. ಬಾಡಿಗೆಗೆ ಕೊಟ್ಟ ಇತರ ಮಾಲೀಕರು ಅದೇ ಪತ್ರಕ್ಕೆ ಸಹಿ ಹಾಕಿದರೆ, ಬೇಸರದಿಂದ ಮುಖ ತಿರುಗಿಸುವವರಿಗೆ ನೀವೊಬ್ಬರೇ ಕಾಣುವುದಿಲ್ಲ. ಉತ್ತರ ಬರುವವರೆಗೆ ಬಿಲ್ಲು ಕಟ್ಟುವುದನ್ನು ಪೂರ್ತಿ ನಿಲ್ಲಿಸಬೇಡಿ, ಬಾಕಿಯ ಮೇಲೆ ಬಡ್ಡಿ ಏರುತ್ತದೆ. 10 ಪ್ರತಿಶತದವರೆಗಿನ ಮೊತ್ತ ಮತ್ತು ಉಳಿದ ಶುಲ್ಕಗಳನ್ನು ಪಾವತಿಸಿ, ವಿವಾದಿತ ಮೊತ್ತವನ್ನಷ್ಟೇ ಬರೆಹದಲ್ಲಿ ತಿಳಿಸಿ ತಡೆಹಿಡಿಯಿರಿ. ಸಮಿತಿ ಜಗ್ಗದಿದ್ದರೆ ಇದೇ ಕಾಗದಗಳೊಂದಿಗೆ ಸಹಕಾರಿ ಸಂಘಗಳ ಉಪನಿಬಂಧಕರ ಕಚೇರಿಗೆ ದೂರು ಕೊಡಿ.