ಫೋನ್ ಸೈಲೆಂಟ್‌ನಲ್ಲಿದ್ದರೂ ಸರ್ಕಾರದ ತುರ್ತು ಎಚ್ಚರಿಕೆಯ ಸೈರನ್ ಹೇಗೆ ಕೂಗುತ್ತದೆ? ನಮ್ಮ ನಂಬರ್ ಅವರಿಗೆ ಹೇಗೆ ಸಿಕ್ಕಿತು?

ನಂಬರ್ ಬೇಕಾಗಿಯೇ ಇಲ್ಲ. ಇದು ಎಸ್‌ಎಂಎಸ್ ಅಲ್ಲ, ಸೆಲ್ ಬ್ರಾಡ್‌ಕಾಸ್ಟ್. ಎಸ್‌ಎಂಎಸ್ ಅಂದರೆ ಪೋಸ್ಟ್‌ಮ್ಯಾನ್ ಮನೆಮನೆಗೆ ಕಾಗದ ಹಂಚಿದ ಹಾಗೆ. ಇದು ಊರಿಗೆಲ್ಲ ಡಂಗುರ ಹೊಡೆದ ಹಾಗೆ. ಟವರ್ ಎಲ್ಲರಿಗೂ ಒಟ್ಟಿಗೆ ಕೂಗುತ್ತದೆ, ಅದರ ಸುತ್ತ ಇರುವ ಫೋನ್‌ಗಳೆಲ್ಲ ಕೇಳಿಸಿಕೊಳ್ಳುತ್ತವೆ. ಡೇಟಾ ಬೇಡ. ಎಲ್ಲರೂ ಒಟ್ಟಿಗೆ ಕಾಲ್ ಮಾಡಿ ನೆಟ್‌ವರ್ಕ್ ಜಾಮ್ ಆದರೂ ಮೆಸೇಜ್ ಬರುತ್ತದೆ.

2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಇದನ್ನು ಟೆಸ್ಟ್ ಮಾಡಿದರು. ನಾನಾಗ ಗಂಗಾವತಿಯಲ್ಲಿ ಒಗ್ಗರಣೆ-ಮಿರ್ಚಿ ತಿನ್ನುತ್ತಿದ್ದೆ. ಟೇಬಲ್ ಮೇಲಿದ್ದ ಫೋನ್‌ಗಳೆಲ್ಲ ಒಮ್ಮೆಲೇ ಚೀರಿದವು. ಮಿರ್ಚಿ ಕರಿಯುತ್ತಿದ್ದವರು ಗಾಬರಿಯಾಗಿ ಸಿಲಿಂಡರನ್ನೇ ಬಂದ್ ಮಾಡಿಬಿಟ್ಟರು!

ಸೈಲೆಂಟ್ ಮೀರಿ ಕೂಗುವುದು ಬೇಕಂತಲೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತಲ್ವಾ? ಅಂಥ ಹೊತ್ತಲ್ಲಿ ಹೊಳೆದಂಡೆಯ ಜನ ಮಲಗಿರುತ್ತಾರೆ. ಸುಮ್ನೆ ಟಿಂಗ್ ಅಂದರೆ ಯಾರು ಏಳುತ್ತಾರೆ?

ಫೋನ್ ಸ್ವಿಚ್ ಆಫ್ ಇದ್ದರೆ, ಏರೋಪ್ಲೇನ್ ಮೋಡ್‌ನಲ್ಲಿದ್ದರೆ ಬರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಎಮರ್ಜೆನ್ಸಿ ಅಲರ್ಟ್ಸ್ ಆನ್ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.