ಅಮ್ಮನ ಕವನಗಳನ್ನು 50 ಪ್ರತಿಯ ಪುಟ್ಟ ಪುಸ್ತಕ ಮಾಡಬೇಕು, ಕೈಗೆ ಆಪ್ತ ಅನ್ನಿಸುವಂತೆ ಮಾಡೋದು ಹೇಗೆ?

ತೀರಿಕೊಂಡ ಅಮ್ಮನ ನೋಟ್‌ಬುಕ್ಕಿನಲ್ಲಿ 28 ಕವನಗಳಿವೆ, ಬಂಧುಗಳಿಗೆ ಹಂಚಬೇಕು ಅಂದಿದ್ದೀರಿ. ಪ್ರೆಸ್ಸಿನವರು "ಡೆಮಿ 1/8, 70 ಜಿಎಸ್‌ಎಂ ಮ್ಯಾಪ್‌ಲಿಥೊ, ಪರ್ಫೆಕ್ಟ್ ಬೈಂಡಿಂಗ್" ಅಂದರಂತೆ. ಅಂದರೆ ಮಾಮೂಲಿ ಪುಸ್ತಕದ ಅಳತೆ, ಅಚ್ಚಿನ ಸಾಧಾರಣ ತೆಳು ಕಾಗದ, ಬೆನ್ನಿಗೆ ಅಂಟು (ಜಿಎಸ್‌ಎಂ ಅನ್ನೋದು ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ). ಪರೀಕ್ಷೆಯ ಗೈಡ್ ಥರ ಆಗಿಬಿಡುತ್ತದೇನೋ ಎಂಬ ನಿಮ್ಮ ಭಯ ನ್ಯಾಯವಾದದ್ದೇ.

ನಾನು ವೃತ್ತಿಯವನಲ್ಲ. ನಾಲ್ಕು ವರ್ಷದ ಹಿಂದೆ ನನ್ನವೇ ಕವನಗಳನ್ನು 40 ಪ್ರತಿ ಮಾಡಿಸಿ ಕೆಡಿಸಿಕೊಂಡು, ಮತ್ತೆ ಮಾಡಿದವನು. ಮುಟ್ಟಿದರೆ ಹಿತವಾಗಿರಲಿ ಅಂತ ಹತ್ತಿಬಟ್ಟೆ ಚೂರಿನಿಂದ ಮಾಡುವ ದಪ್ಪ ಹ್ಯಾಂಡ್‌ಮೇಡ್ ಕಾಗದ ತಂದಿದ್ದೆ, 200 ಜಿಎಸ್‌ಎಂ. ಬಿಡಿ ಹಾಳೆ ಸವರಿದರೆ ಸೊಗಸು. ಬೆನ್ನಿಗೆ ಅಂಟು ಹಾಕಿಸಿದ ಮೇಲೆ ಪುಸ್ತಕ ಇಲಿಬೋನು! ಎರಡು ಕೈಯಲ್ಲಿ ಬಿಡಿಸಿ ಹಿಡಿಯಬೇಕು, ಬಿಟ್ಟರೆ ಪಟ್ಟನೆ ಮುಚ್ಚಿಕೊಳ್ಳುತ್ತದೆ. ಗೆಳೆಯನೊಬ್ಬ ಜೋರಾಗಿ ಒತ್ತಿ ತೆರೆದ, ಬೆನ್ನು ಬಿರುಕು ಬಿಟ್ಟು ಎರಡು ಹಾಳೆ ಉದುರಿದವು. ಸಾಲದ್ದಕ್ಕೆ ಕಾಗದದ ತಗ್ಗುಗಳಲ್ಲಿ ಲೇಸರ್ ಪ್ರಿಂಟರಿನ ಪುಡಿ ಹಿಡಿಯದೆ ಒತ್ತಕ್ಷರಗಳು ಅಲ್ಲಲ್ಲಿ ಮಾಯ. "ಅತ್ತೆ" ಹೋಗಿ "ಅತೆ" ಆಗಿತ್ತು.

ಹಾಗಾಗಿ ಒರಟು ಕಾಗದದ ಆಸೆ ಮುಖಪುಟಕ್ಕೆ ಮಾತ್ರ ಇಟ್ಟುಕೊಳ್ಳಿ. ಒಳಗೆ 100 ಜಿಎಸ್‌ಎಂನ, ಹೊಳಪಿಲ್ಲದ, ಕೆನೆಬಣ್ಣದ ಕಾಗದ ಸಾಕು. ಬೆಂಗಳೂರಿನವರಾದರೆ ಸುಲ್ತಾನ್‌ಪೇಟೆ ಕಡೆ ಒಂದು ಸುತ್ತು ಹಾಕಿ, ಮುಟ್ಟಿ ನೋಡಿ ತನ್ನಿ. ಕಾಗದದ ನಾರು ಓಡುವ ದಿಕ್ಕಿಗೆ ಗ್ರೇನ್ ಅನ್ನುತ್ತಾರೆ. ಅದು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರಬೇಕು, ಅಡ್ಡವಾದರೆ ಹಾಳೆ ಸೆಟೆದು ನಿಲ್ಲುತ್ತದೆ. ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಮಡಿಕೆ ಆ ಕಡೆಗೆ.

ಅಂಟು ಬೇಡ, ಹೊಲಿಯಿರಿ. ಪುಟಕ್ಕೊಂದು ಕವನವಾದರೆ 28, ಶೀರ್ಷಿಕೆ, ನಿಮ್ಮ ನಾಲ್ಕು ಮಾತು, ಒಂದೆರಡು ಖಾಲಿ ಪುಟ ಸೇರಿ 32. ಅಂದರೆ ಮಧ್ಯಕ್ಕೆ ಮಡಿಚಿದ 8 ಹಾಳೆ. ಒಂದರೊಳಗೊಂದು ಸೇರಿಸಿ, ಮಡಿಕೆಯಲ್ಲಿ ಐದು ತೂತು ಕೊರೆದು, ಮೇಣ ಸವರಿದ ದಪ್ಪ ದಾರದಲ್ಲಿ ಹೊಲಿದರೆ ಯಾವ ಪುಟದಲ್ಲಿಟ್ಟರೂ ಮಲಗಿಕೊಳ್ಳುತ್ತದೆ. ಒಂದು ಭಾನುವಾರ ಕೂತರೆ ಮನೆಮಂದಿಯೆಲ್ಲ ಸೇರಿ 50 ಹೊಲಿಯಬಹುದು. ಒಳಗಿನ ಹಾಳೆಗಳು ಸ್ವಲ್ಪ ಹೊರಗೆ ಚಾಚಿಕೊಳ್ಳುತ್ತವೆ, ಹೊಲಿದ ಮೇಲೆ ಪ್ರೆಸ್ಸಿನಲ್ಲಿ ಅಂಚು ಕತ್ತರಿಸಿಕೊಡುತ್ತಾರೆ.

ಅಕ್ಷರದ ವಿಷಯಕ್ಕೆ ಬಂದರೆ, ಟೀರೊ ಕನ್ನಡ, ನೋಟೊ ಸೆರಿಫ್ ಕನ್ನಡ ಎರಡೂ ಉಚಿತ. ನಮ್ಮ ಲಿಪಿಗೆ ಮೇಲೆ ಗುಡಿಸು, ಕೆಳಗೆ ಒತ್ತು. ಇಂಗ್ಲಿಷಿನ ಅಳತೆಯಲ್ಲಿ ಸಾಲು ಜೋಡಿಸಿದರೆ ಒಂದರ ಒತ್ತು ಇನ್ನೊಂದರ ಗುಡಿಸಿಗೆ ತಾಗುತ್ತದೆ. ಅಕ್ಷರ 12 ಪಾಯಿಂಟಾದರೆ ಸಾಲಿನ ಅಂತರ 19 ಕೊಡಿ. ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನಿನಲ್ಲಿ ಯೂನಿಕೋಡ್ ಅಕ್ಷರ ಚದುರಿ ಕಂಡರೆ ಪ್ಯಾರಾಗ್ರಾಫ್ ಪಟ್ಟಿಯಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಳ್ಳಿ. ನನ್ನ ಎರಡು ರಾತ್ರಿ ಇದಕ್ಕೇ ಹೋಯಿತು.

ಮುಖಪುಟಕ್ಕೆ, ಮನೆಯವರೆಲ್ಲ ಒಪ್ಪಿದರೆ, ಅಮ್ಮನದೇ ಒಂದು ಹತ್ತಿ ಸೀರೆ. ಐದೂವರೆ ಮೀಟರ್ ಸೀರೆಯಲ್ಲಿ 28 × 21 ಸೆಂಟಿಮೀಟರಿನ ತುಂಡು ತೊಂಬತ್ತರ ಮೇಲೆ ಬರುತ್ತವೆ, ಹರಿದ ಭಾಗ ಬಿಟ್ಟರೂ 50ಕ್ಕೆ ಧಾರಾಳ. ರೇಷ್ಮೆ ಜಾರುತ್ತದೆ, ಬೇಡ. ಸೀರೆ ಹರಿಯಲು ಮನಸ್ಸು ಬಾರದಿದ್ದರೆ ಗುಳೇದಗುಡ್ಡದ ಖಣ ಇದೆ. ಬಟ್ಟೆಯ ಹಿಂದೆ ಮೊದಲು ತೆಳು ಕಾಗದ ಅಂಟಿಸಿ ಒಣಗಿಸಿ, ಇಲ್ಲವಾದರೆ ಗೋಂದು ಮುಂದಕ್ಕೆ ಇಣುಕಿ ಕಲೆ ನಿಲ್ಲುತ್ತದೆ. ಹಳೆಯ ಬೈಂಡರುಗಳು ಹುಳ ಹಿಡಿಯದಿರಲೆಂದು ಮೈದಾ ಗೋಂದಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಅಡುಗೆ ಪಾತ್ರೆ ಮುಟ್ಟಿಸಬೇಡಿ.

ಅಮ್ಮನ ಕೈಬರಹದ್ದು ಒಂದೇ ಒಂದು ಪುಟ ಸ್ಕ್ಯಾನ್ ಮಾಡಿ ಹಾಕಿ, ಅವರು ಹೊಡೆದುಹಾಕಿದ ಸಾಲುಗಳ ಸಮೇತ. ಮುಖಪುಟದ ಮೇಲೆ ಭಾವಚಿತ್ರ ನನಗಂತೂ ಇಷ್ಟವಿಲ್ಲ, ವೈಕುಂಠ ಸಮಾರಾಧನೆಯ ಕಾರ್ಡಿನ ನೆನಪಾಗುತ್ತದೆ. ಆಪ್ತರಿಗಷ್ಟೇ ಕೊಡುವುದಾದ್ದರಿಂದ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಗೋಜೂ ಬೇಡ.

ಇದಕ್ಕೆಲ್ಲ ಮೊದಲು ಮನೆಯ ಪ್ರಿಂಟರಿನಲ್ಲಿ ಅಚ್ಚು ಹಾಕಿ ಒಂದು ಡಮ್ಮಿ ಹೊಲಿದು, ವಯಸ್ಸಾದವರ ಕೈಗೆ ಕೊಡಿ. ಎರಡನೆಯ ಸಲ ನಾನು 105 × 148 ಮಿಲಿಮೀಟರಿನ ಎ6ನಲ್ಲಿ, 11 ಪಾಯಿಂಟ್ ಅಕ್ಷರದಲ್ಲಿ ಮಾಡಿ ದೊಡ್ಡಮ್ಮನಿಗೆ ಕೊಟ್ಟೆ. "ಚೆನ್ನಾಗಿದೆ ಕಣೋ" ಅಂತ ಒಂದು ಪುಟ ತಿರುವಿ, ಮಡಿಲಲ್ಲಿಟ್ಟುಕೊಂಡು, ಸುಮ್ಮನೆ ಕೂತರು. ಕೇಳಿದರೆ, "ಕನ್ನಡಕ ಒಳಗಿದೆ." ಅಕ್ಷರ 13 ಆಯಿತು. 13 ಆದ ಕೂಡಲೇ ಉದ್ದ ಸಾಲುಗಳೆಲ್ಲ ಮುರಿದು ಕೆಳಗೆ ಬಿದ್ದವು, ಪುಟ 120 × 170 ಆಯಿತು. ಕಾಗದ ದಂಡ ಅಂತ ಪ್ರೆಸ್ಸಿನವರು ಗೊಣಗಿದರು.